ಹರಾಜಾದ ಮನೆ ಮತ್ತು ಪರಿಗ್ರಹಪರಿಮಾಣ ವ್ರತ

ಗೃಹಸ್ಥನ ಐದನೆಯ ಅಣುವ್ರತವಾದ ಪರಿಗ್ರಹಪರಿಮಾಣದ ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಮೊಟ್ಟಮೊದಲು ಹೆಸರಿಸುವುದು ಕ್ಷೇತ್ರ-ವಾಸ್ತುಗಳನ್ನು, ಎಂದರೆ ಹೊಲವನ್ನೂ ಮನೆಯನ್ನೂ. ಬೆಳ್ಳಿ, ಚಿನ್ನ, ಧನ, ಧಾನ್ಯಗಳೆಲ್ಲ ಅವುಗಳ ನಂತರ ಬರುತ್ತವೆ. ಈ ಕ್ರಮಕ್ಕೆ ಅರ್ಥವಿದೆಯೆಂದು ತಿಳಿಯುವುದು ತಪ್ಪಾಗಲಾರದು. ಚಿನ್ನವಿಲ್ಲದೆಯೂ ಮನುಷ್ಯ ಬಾಳಬಲ್ಲ; ಉಳಲು ಹೊಲವೂ ತಲೆಯ ಮೇಲೊಂದು ಸೂರೂ ಇಲ್ಲದೆ ಗೃಹಸ್ಥಧರ್ಮವೇ ನಡೆಯದು. ಮನೆಯಿದ್ದರೆ ಅತಿಥಿಗೆ ಅನ್ನ, ಮುನಿಗೆ ಆಹಾರದಾನ, ಮಕ್ಕಳಿಗೆ ಸಂಸ್ಕಾರ. ಆದಕಾರಣ ಒಬ್ಬನ ಮನೆ ಇನ್ನೊಬ್ಬನ ಸಂಗ್ರಹದ ವಸ್ತುವಾಗುವ ವಿಚಾರವನ್ನು ವ್ರತಿಕನಾದವನು ಪತ್ರಿಕೆಯ ಸುದ್ದಿಯೆಂದು ಓದಿ ಮಡಿಸಿಡುವಂತಿಲ್ಲ.

ಸಾಲ ತೀರಿಸಲಾಗದವರ ಮನೆಗಳು ಹರಾಜಾಗಿ, ಅವು ಹಣವಂತರ ಕೈಗೆ ಗುಂಪುಗುಂಪಾಗಿ ಸೇರುತ್ತಿರುವುದರ ಬಗ್ಗೆ ಜನರಲ್ಲಿ ಕೋಪ ಹುಟ್ಟಿದೆ. ಇದು ಒಂದು ದೇಶದ ಮಾತಲ್ಲ. ಅಮೆರಿಕದಲ್ಲಿ 2008ರ ಆರ್ಥಿಕ ಕುಸಿತದ ನಂತರ ಲಕ್ಷಾಂತರ ಕುಟುಂಬಗಳು ಮನೆ ಕಳೆದುಕೊಂಡವು. 2012ರಲ್ಲಿ ಅಲ್ಲಿನ ಸರ್ಕಾರದ ಹಿಡಿತದಲ್ಲಿದ್ದ ಫ್ಯಾನಿ ಮೇ ಎಂಬ ಗೃಹಸಾಲ ಸಂಸ್ಥೆಯು ಹೀಗೆ ತನ್ನ ವಶಕ್ಕೆ ಬಂದಿದ್ದ ಸುಮಾರು 2,500 ಮನೆಗಳನ್ನು ಹೂಡಿಕೆದಾರರಿಗೆ ಸಗಟಾಗಿ ಮಾರುವ ಪ್ರಯೋಗಕ್ಕೆ ತೊಡಗಿತು. ಒಂದೇ ಮನೆಯನ್ನು ಕೊಂಡು ಅದರಲ್ಲಿ ವಾಸಿಸಬಯಸುವ ಕುಟುಂಬಕ್ಕೆ ಆ ಕಂತೆಯಲ್ಲಿ ಸವಾಲು ಹಾಕುವ ಅವಕಾಶವಿರಲಿಲ್ಲ. ನಿನ್ನೆಯ ಒಡೆಯ ಇಂದು ಬಾಡಿಗೆದಾರನಾಗುತ್ತಾನೆ, ಬಾಡಿಗೆಯನ್ನು ಎಣಿಸಿಕೊಳ್ಳುವವನು ಆ ಬೀದಿಯನ್ನೇ ಕಂಡವನಲ್ಲ ಎಂಬುದು ಜನರ ಆಕ್ಷೇಪವಾಗಿತ್ತು.

ಭಾರತದಲ್ಲಿ ಈ ವ್ಯವಹಾರ ನಡೆಯುವುದು 2002ರ ಸರ್ಫೇಸಿ ಕಾಯ್ದೆಯ ಮೂಲಕ. ಕಂತು 90 ದಿನಗಳಿಗೆ ಮೀರಿ ಬಾಕಿ ನಿಂತರೆ ಅದು ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಬ್ಯಾಂಕು 60 ದಿನಗಳ ನೋಟೀಸು ಕೊಡುತ್ತದೆ. ಆ ಬಳಿಕ ದಾವೆ ಹೂಡದೆಯೇ ಅಡಮಾನದ ಆಸ್ತಿಯನ್ನು ವಶಪಡಿಸಿಕೊಂಡು ಹರಾಜು ಹಾಕಬಹುದು. ಹರಾಜಿನಲ್ಲಿ ಗೆದ್ದವನು ಬೆಲೆಯ ಕಾಲುಭಾಗವನ್ನು ಅಂದು ಅಥವಾ ಮರುದಿನವೇ ಕಟ್ಟಬೇಕು. ಉಳಿದುದಕ್ಕೆ ಸಾಮಾನ್ಯವಾಗಿ 15 ದಿನಗಳ ಅವಧಿ. ಇಷ್ಟು ಬೇಗ ಇಷ್ಟು ಹಣ ತೆರಬಲ್ಲವನು ಯಾರು? ರಾಗಿ, ಹುರುಳಿ, ತೆಂಗನ್ನು ನಂಬಿದ ನಾಗಮಂಗಲ ಸೀಮೆಯ ರೈತನಲ್ಲ, ಸಂಬಳದಲ್ಲಿ ಸಂಸಾರ ತೂಗಿಸುವ ಗುಮಾಸ್ತನೂ ಅಲ್ಲ. ಮಾರುಕಟ್ಟೆಗಿಂತ ಕಡಿಮೆ ಬೆಲೆಯ ಮನೆ, ರೊಕ್ಕವನ್ನು ಮೊದಲೇ ಕೂಡಿಟ್ಟವನಿಗೇ ದಕ್ಕುವಂತೆ ನಿಯಮವೇ ಏರ್ಪಟ್ಟಿದೆ. ವಸೂಲಾಗದ ಸಾಲಗಳನ್ನು ಕಂತೆಕಂತೆಯಾಗಿ ಆಸ್ತಿ ಪುನಾರಚನಾ ಕಂಪನಿಗಳಿಗೆ ಮಾರಲು ಅದೇ ಕಾಯ್ದೆ ಅನುಮತಿ ನೀಡಿದೆ. 2025ರ ಜನವರಿಯಲ್ಲಿ ಸಾರ್ವಜನಿಕ ಬ್ಯಾಂಕುಗಳ ಹರಾಜಿಗೆಂದು ಆರಂಭವಾದ ಬ್ಯಾಂಕ್‌ನೆಟ್ ತಾಣದಲ್ಲಿ ಆಗಲೇ ಒಂದು ಲಕ್ಷಕ್ಕೂ ಮೀರಿದ ಆಸ್ತಿಗಳಿದ್ದವು. ಕೃಷಿಭೂಮಿಗೆ ಈ ಕಾಯ್ದೆಯಿಂದ ವಿನಾಯಿತಿಯುಂಟು. ಆದರೆ ಕಾಫಿ ತೋಟ ಕೃಷಿಭೂಮಿ ಹೌದೋ ಅಲ್ಲವೋ ಎಂಬ ವಿವಾದದಿಂದಾಗಿ ಕೊಡಗು, ಚಿಕ್ಕಮಗಳೂರುಗಳ ಬೆಳೆಗಾರರು ತಮ್ಮ ತೋಟಗಳ ಹರಾಜನ್ನು ವಿರೋಧಿಸುತ್ತ ಬಂದಿದ್ದಾರೆ.

ಇಲ್ಲಿ ಎರಡು ಪೂರ್ವಪಕ್ಷಗಳು ಏಳುತ್ತವೆ. ಹರಾಜಿನ ಮನೆಯನ್ನು ಕೊಳ್ಳುವುದು ಕಳ್ಳತನವೇ ಎಂಬುದು ಮೊದಲನೆಯದು. ಕೊಳ್ಳುವುದು ಪಾಪವಾದ್ದರಿಂದ ಯಾರೂ ಸವಾಲು ಹಾಕಕೂಡದು ಎಂಬುದು ಎರಡನೆಯದು.

ಮೊದಲನೆಯದನ್ನು ಪರಿಶೀಲಿಸುವಾಗ ಸತ್ಯಾಣುವ್ರತವನ್ನು ಮರೆಯಬಾರದು. ಕೋಪ ಬಂದ ಮಾತ್ರಕ್ಕೆ ಇಲ್ಲದ ದೋಷವನ್ನು ಹೊರಿಸುವುದು ಧರ್ಮವಲ್ಲ. ಪ್ರಮಾದದಿಂದ, ಕೊಡದಿರುವುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ಆಗಮದ ನಿರ್ಣಯ. ಮನೆಯ ಒಡೆಯನು ಸಾಲ ಪಡೆದಾಗ ತಾನಾಗಿ ಅಡಮಾನ ಪತ್ರಕ್ಕೆ ಸಹಿ ಹಾಕಿದ್ದಾನೆ. ಬ್ಯಾಂಕಿನಲ್ಲಿರುವ ಹಣವೂ ಅನೇಕ ಬಡವರ, ವಿಧವೆಯರ, ನಿವೃತ್ತರ ಠೇವಣಿ. ಅದನ್ನು ಮರಳಿ ಕೇಳುವುದು ಅನ್ಯಾಯವಲ್ಲ. ಮದುವೆಯ ಆಡಂಬರಕ್ಕೆ ಸಾಲ ಮಾಡಿದವನು ಹಾಸಿಗೆಯಿದ್ದಷ್ಟು ಕಾಲು ಚಾಚಲಿಲ್ಲವೆಂಬುದೂ ಒಪ್ಪತಕ್ಕ ಮಾತೇ. ಆದುದರಿಂದ ಬಹಿರಂಗ ಹರಾಜಿನಲ್ಲಿ ಬೆಲೆ ತೆತ್ತು ಕೊಂಡವನನ್ನು ಕಳ್ಳನೆನ್ನಲಾಗದು.

ಆದರೆ ವ್ರತ ಭಂಗವಾಗದ ಮಾತ್ರಕ್ಕೆ ನಿರ್ಮಲವಾಗಿ ಉಳಿಯಿತೆಂದಲ್ಲ, ಅತಿಚಾರವೆಂಬುದೊಂದಿದೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ ಒಂದು. ಇದನ್ನು ಸಾಮಾನ್ಯವಾಗಿ ರಾಜಾಜ್ಞೆಯ ಉಲ್ಲಂಘನೆ ಎಂದಷ್ಟೇ ಹೇಳಿ ಮುಗಿಸುವುದುಂಟು. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇನ್ನೂ ಆಳಕ್ಕೆ ಹೋಗುತ್ತಾರೆ. ರಾಜ್ಯವು ಅಸ್ತವ್ಯಸ್ತವಾಗಿರುವಲ್ಲಿ ಬೆಲೆಬಾಳುವ ವಸ್ತುಗಳು ಅಲ್ಪ ಬೆಲೆಗೆ ಸಿಗುತ್ತವೆಂದು, ಉಚಿತವಾದ ನ್ಯಾಯವನ್ನು ಬಿಟ್ಟು ಅವುಗಳಿಗಾಗಿ ಪ್ರಯತ್ನಿಸುವುದು ಅವರ ವಿವರಣೆಯ ಸಾರ. ಅಲ್ಲಿ ಕೊಳ್ಳುವವನು ಬೆಲೆಯನ್ನು ಕೊಟ್ಟೇ ಕೊಳ್ಳುತ್ತಾನೆ. ಆದರೂ ಅದು ಅತಿಚಾರ. ಏಕೆಂದರೆ ಬೆಲೆಯನ್ನು ಇಳಿಸಿದ್ದು ಇನ್ನೊಬ್ಬನ ಆಪತ್ತು. ಅವನ ಕಣ್ಣು ನೆಟ್ಟಿರುವುದು ಆ ಆಪತ್ತಿನ ಮೇಲೆ. ದುಡಿಯುವವನು ಕಾಯಿಲೆ ಬಿದ್ದ, ಮಳೆ ಕೈಕೊಟ್ಟ, ವ್ಯಾಪಾರ ಮುಳುಗಿದ ಸಂಸಾರ ಒಂದು ಪುಟ್ಟ ಅಸ್ತವ್ಯಸ್ತ ರಾಜ್ಯವೇ ಸರಿ. ಅಲ್ಲಿ ಅಗ್ಗವನ್ನು ಅರಸುತ್ತ ಅಲೆಯುವವನು ಆಚಾರ್ಯರ ಮಾತನ್ನು ತನಗೆ ಸಂಬಂಧಿಸಿದ್ದಲ್ಲವೆಂದು ತಳ್ಳಿಹಾಕಲಾರ. ಇನ್ನು, ಸವಾಲು ಹಾಕುವವರು ಒಳಗೊಳಗೇ ಕೂಡಿಕೊಂಡು ಬೆಲೆ ಏರದಂತೆ ನೋಡಿಕೊಂಡರೆ, ಬೇನಾಮಿ ಹೆಸರಿನಲ್ಲಿ ಕೊಂಡರೆ, ಮೌಲ್ಯವನ್ನು ಸುಳ್ಳಾಗಿ ಬರೆಸಿದರೆ ಅದು ಅತಿಚಾರವನ್ನೂ ದಾಟಿದ ಚೌರ್ಯ.

ಅಂಥವನಲ್ಲಿ ಇನ್ನೊಂದು ದೋಷವೂ ಸೇರುತ್ತದೆ. ಅನರ್ಥದಂಡಗಳಲ್ಲಿ ಅಪಧ್ಯಾನವೆಂದರೆ ಪರರ ಸೋಲು, ಬಂಧನ, ಧನಹಾನಿಗಳನ್ನು ಮನಸ್ಸಿನಲ್ಲಿ ಚಿಂತಿಸುವುದು. ಮುಂದಿನ ತಿಂಗಳು ಎಷ್ಟು ಮನೆಗಳು ಹರಾಜಿಗೆ ಬರಬಹುದೆಂದು ಲೆಕ್ಕ ಹಾಕಿ ಬಂಡವಾಳ ಸಿದ್ಧವಿಟ್ಟುಕೊಳ್ಳುವವನು, ಯಾರಿಗೂ ಕೇಡು ಬಯಸಿಲ್ಲವೆಂದು ಹೇಳಿಕೊಂಡರೂ, ಕೇಡು ಬಾರದಿದ್ದರೆ ನಷ್ಟಪಡುವ ಸ್ಥಿತಿಯಲ್ಲಿ ತನ್ನನ್ನು ತಾನೇ ನಿಲ್ಲಿಸಿಕೊಂಡಿದ್ದಾನೆ. ಹಿಂಸೆಯ ಭಾವವು ಅವನ ಲಾಭದ ಲೆಕ್ಕದಲ್ಲಿಯೇ ಅಡಗಿದೆ.

ಎರಡನೆಯ ಪೂರ್ವಪಕ್ಷಕ್ಕೆ ಕರ್ನಾಟಕದಲ್ಲಿ ಚರಿತ್ರೆಯಿದೆ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘವು ಸಾಲಕ್ಕಾಗಿ ಮನೆಯ ಪಾತ್ರೆಪಗಡಿಗಳನ್ನು ಜಪ್ತಿ ಮಾಡುವುದನ್ನು ತಡೆಯಿತು. ಜಪ್ತಿಯಾದುದನ್ನು ಮರುಜಪ್ತಿಯೆಂದು ಹಿಂದಕ್ಕೆ ತಂದುಕೊಟ್ಟಿತು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಪ್ರವೇಶಿಸಬಾರದೆಂಬ ಫಲಕಗಳು ಊರ ಬಾಗಿಲಲ್ಲಿ ನಿಂತವು. ಉಣ್ಣುವ ತಟ್ಟೆಯನ್ನು ಬೀದಿಗೆ ಎಳೆಯುವುದನ್ನು ಕಂಡು ಹುಟ್ಟಿದ ಆ ಕೋಪದಲ್ಲಿ ಕರುಣೆಯ ಅಂಶವಿತ್ತೆಂಬುದನ್ನು ಅಲ್ಲಗಳೆಯಲಾಗದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಕೂಡ ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಬೇಸಾಯದ ಉಪಕರಣ, ರೈತನು ವಾಸಿಸುವ ಮನೆ ಇವುಗಳನ್ನು ಜಪ್ತಿಯಿಂದ ಹೊರಗಿಟ್ಟಿದೆ. ಆದರೆ ತಾನಾಗಿ ಅಡವಿಟ್ಟ ಮನೆಗೆ ಸರ್ಫೇಸಿ ಕಾಯ್ದೆಯಲ್ಲಿ ಆ ರಕ್ಷೆಯಿಲ್ಲ. ಅಲ್ಲಿ ಬಹಿಷ್ಕಾರದ ಫಲವೇನಾಗುತ್ತದೆಂಬುದನ್ನು ತಣ್ಣನೆಯ ಮನಸ್ಸಿನಿಂದ ಎಣಿಸಬೇಕು.

ದೇವಲಾಪುರದಂಥ ಹೋಬಳಿ ಊರಿನಲ್ಲಿ ಒಂದು ಮನೆಯಿದೆಯೆಂದು ಭಾವಿಸಬಹುದು. ಅದರ ನಿಜಬೆಲೆ 30 ಲಕ್ಷ ರೂಪಾಯಿ. ಬಡ್ಡಿ, ಖರ್ಚು ಸೇರಿ ಸಾಲ 18 ಲಕ್ಷ. ಸಾಲ ತೀರಿ ಉಳಿದ ಹಣ ಒಡೆಯನಿಗೇ ಸೇರತಕ್ಕದ್ದೆಂದು ಕಾಯ್ದೆಯೇ ವಿಧಿಸಿದೆ. ಮನೆ 28 ಲಕ್ಷಕ್ಕೆ ಹೋದರೆ ಅವನ ಕೈಗೆ 10 ಲಕ್ಷ ಬರುತ್ತದೆ; ಸಣ್ಣದೊಂದು ನಿವೇಶನಕ್ಕೋ ಮಕ್ಕಳ ಓದಿಗೋ ಆದೀತು. ಊರವರೆಲ್ಲ ಹಿಂಜರಿದು, ಕನಿಷ್ಠ ಬೆಲೆ ಮರುಹರಾಜಿನಲ್ಲಿ ಇಳಿದು, ದೂರದ ಹಣವಂತನೊಬ್ಬ 20 ಲಕ್ಷಕ್ಕೆ ಕೊಂಡರೆ ಉಳಿಯುವುದು 2 ಲಕ್ಷ. 15 ಲಕ್ಷಕ್ಕೆ ಹೋದರೆ ಮನೆಯೂ ಹೋಗಿ 3 ಲಕ್ಷದ ಸಾಲವೂ ತಲೆಯ ಮೇಲೆ ನಿಲ್ಲುತ್ತದೆ. ಸಜ್ಜನರು ಪಾಪಭೀತಿಯಿಂದ ದೂರ ಸರಿದದ್ದರ ಲಾಭ ಲೋಭಿಗೆ, ನಷ್ಟ ಬಿದ್ದವನಿಗೆ. ಆದುದರಿಂದ ವಾಸಕ್ಕೆ ಮನೆ ಬೇಕಾದವನು ಕೂಡಿಕೊಳ್ಳದೆ, ಹೊಂಚದೆ, ನಿಜಬೆಲೆಗೆ ಹತ್ತಿರವಾಗಿ ಸವಾಲು ಹಾಕಿ, ಮನೆ ಬಿಡುವವನಿಗೆ ಸಾಮಾನು ಸಾಗಿಸಲು ಕಾಲಾವಕಾಶ ಕೊಟ್ಟು ಕೊಂಡರೆ ಅವನು ಹಿಂಸೆಯನ್ನು ಹೆಚ್ಚಿಸಿದನೆನ್ನಲಾಗದು, ತಗ್ಗಿಸಿದನೆಂದೇ ಹೇಳಬೇಕಾದೀತು.

ಹಾಗಿದ್ದರೆ ಒಂದು ಮನೆಯನ್ನು ಕೊಳ್ಳುವುದಕ್ಕೂ ನೂರು ಮನೆಗಳನ್ನು ಕೊಳ್ಳುವುದಕ್ಕೂ ಇರುವ ಅಂತರ ಸಂಖ್ಯೆಯದು ಮಾತ್ರವೇ? ಅಲ್ಲ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣದ ಅತಿಚಾರಗಳನ್ನು ಬೇರೆ ರೀತಿಯಲ್ಲಿ ಎಣಿಸಿ, ಅತಿಸಂಗ್ರಹ, ವಿಸ್ಮಯ, ಲೋಭಗಳನ್ನು ಅವುಗಳಲ್ಲಿ ಸೇರಿಸಿದ್ದಾರೆ. ಬೇಕಾದುದನ್ನು ಕೊಳ್ಳುವವನಿಗೆ ಒಂದು ಕಡೆ ಸಾಕೆನಿಸುತ್ತದೆ, ಏಕೆಂದರೆ ಒಬ್ಬನು ಮಲಗಲು ಒಂದೇ ಮನೆ ಬೇಕು. ಬೆಲೆಯೇರಲೆಂದು ಕೂಡಿಡುವವನಿಗೆ ಸಾಕೆಂಬುದಿಲ್ಲ. ಮೂರ್ಛೆಯೇ ಪರಿಗ್ರಹವೆಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ: ಮೂರ್ಛೆ ಹೋದವನಿಗೆ ಎದುರಿಗಿದ್ದವರು ಕಾಣುವುದಿಲ್ಲ, ಸಗಟಾಗಿ ಕೊಂಡವನಿಗೆ ಪಟ್ಟಿಯಲ್ಲಿರುವ ಅಂಕಿಗಳು ಕಾಣುತ್ತವೆ, ಆ ಮನೆಗಳ ಬಾಗಿಲ ಮುಂದಿನ ರಂಗೋಲಿ ಕಾಣುವುದಿಲ್ಲ. ಇನ್ನು ಕೋಪಗೊಂಡವರೂ ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಅಷ್ಟು ಹಣ ತಮ್ಮಲ್ಲಿದ್ದಿದ್ದರೆ ತಾವು ಸುಮ್ಮನಿರುತ್ತಿದ್ದರೇ? ಇತರರ ಲಾಭವನ್ನು ಕಂಡು ಕುದಿಯುವುದು ವಿಸ್ಮಯವೆಂಬ ಅತಿಚಾರದ ಇನ್ನೊಂದು ಮುಖವಾಗಬಾರದು. ಕರುಣೆಯಿಂದ ಹುಟ್ಟಿದ ಖೇದ ಬಿದ್ದವನ ಕಡೆಗೆ ನಡೆಯುತ್ತದೆ. ಕಷಾಯದಿಂದ ಹುಟ್ಟಿದ ಕೋಪ ಗೆದ್ದವನನ್ನೇ ನೋಡುತ್ತ ನಿಲ್ಲುತ್ತದೆ.

ದೇವಲಾಪುರದ ಕಡೆಯಿಂದ ನಾಗಮಂಗಲ, ಕಂಬದಹಳ್ಳಿಗಳ ಮೂಲಕ ಶ್ರವಣಬೆಳಗೊಳದ ಯಾತ್ರೆಗೆ ಹೋಗುವವರು ಅಲ್ಲಿನ 1634ರ ಶಾಸನವನ್ನು ನೆನೆಯುವುದು ಒಳಿತು. ಗೊಮ್ಮಟಸ್ವಾಮಿಯ ಸೇವೆಗೆ ಬಿಟ್ಟಿದ್ದ ಭೂಮಿಗಳನ್ನು ಸ್ಥಾನಿಕರು ಕಷ್ಟಕಾಲದಲ್ಲಿ ವರ್ತಕರಿಗೆ ಒತ್ತೆಯಿಟ್ಟಿದ್ದರು. ಮೈಸೂರಿನ ಚಾಮರಾಜ ಒಡೆಯರು ಆ ವರ್ತಕರನ್ನು ಕರೆಸಿ, ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದರು. ಆಗ ವರ್ತಕರು ಹಣವನ್ನು ತೆಗೆದುಕೊಳ್ಳದೆ, ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಸ್ವಾಮಿಯ ಸನ್ನಿಧಿಯಲ್ಲಿ ಒತ್ತೆಯನ್ನು ಬಿಟ್ಟುಕೊಟ್ಟರು. ದೇವರ ಭೂಮಿಯ ಮಾತು ಬೇರೆ, ಗೃಹಸ್ಥನ ಮನೆಯ ಮಾತು ಬೇರೆ, ನಿಜ. ಆದರೂ ಗಮನಿಸತಕ್ಕ ಅಂಶವೊಂದಿದೆ. ಅರಸನು ವರ್ತಕರ ಹಕ್ಕನ್ನು ಕಿತ್ತುಕೊಳ್ಳಲಿಲ್ಲ. ಹಕ್ಕಿದೆಯೆಂದು ಒಪ್ಪಿ ಹಣ ಕೊಡಲು ಮುಂದೆ ಬಂದನು. ಹಕ್ಕಿದ್ದವರು ಅದನ್ನು ತಾವಾಗಿ ತ್ಯಜಿಸಿದರು. ರಾಜ್ಯದ ಧರ್ಮ ಎಲ್ಲಿ ಮುಗಿಯಿತೋ ಅಲ್ಲಿಂದ ಶ್ರಾವಕಧರ್ಮ ಆರಂಭವಾಯಿತು.

ಇಂದಿನ ಶ್ರಾವಕ-ಶ್ರಾವಿಕೆಯರಿಗೆ ಇದರಿಂದ ದೊರೆಯುವ ಆಚರಣೆಯಾದರೂ ಏನು? ಪರಿಗ್ರಹಪರಿಮಾಣ ಮಾಡುವಾಗ ಒಟ್ಟು ಆಸ್ತಿಯ ಬೆಲೆಯನ್ನು ಮಾತ್ರ ನಿಶ್ಚಯಿಸದೆ, ಮನೆಗಳ ಸಂಖ್ಯೆಯನ್ನೂ ಸ್ಪಷ್ಟವಾಗಿ ನಿಶ್ಚಯಿಸುವುದು ಒಂದು. ಬೆಲೆ ವರ್ಷವರ್ಷಕ್ಕೆ ಏರುವುದರಿಂದ ರೂಪಾಯಿಯ ಮಿತಿಯನ್ನು ಮನಸ್ಸು ಸುಲಭವಾಗಿ ಹಿಗ್ಗಿಸಿಕೊಳ್ಳುತ್ತದೆ. ಮನೆಯ ಸಂಖ್ಯೆ ಹಾಗೆ ಹಿಗ್ಗದು.

ಎರಡನೆಯದು ಕಾಲವನ್ನರಿತ ಸಹಾಯ. 2016ರ ತಿದ್ದುಪಡಿಯಂತೆ ಹರಾಜಿನ ಪ್ರಕಟಣೆ ಹೊರಬೀಳುವ ಮೊದಲು ಬಾಕಿಯೆಲ್ಲವನ್ನೂ ತೀರಿಸಿದರೆ ಮಾತ್ರ ಮನೆಯನ್ನು ಬಿಡಿಸಿಕೊಳ್ಳಲು ಹಕ್ಕುಂಟು. 2023ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಹರಾಜಿನ ದಿನ ಬಂದು ಕಣ್ಣೀರು ಹಾಕುವುದರಿಂದ ಪ್ರಯೋಜನವಿಲ್ಲ. ನೋಟೀಸಿನ 60 ದಿನಗಳಲ್ಲಿಯೇ ಕೈಹಿಡಿಯಬೇಕು. ಸಾಲಗಾರನು ನಾಚಿಕೆಯಿಂದ ನೋಟೀಸನ್ನು ಬಚ್ಚಿಡುತ್ತಾನೆ. ಸಮ್ಯಗ್ದರ್ಶನದ ಅಂಗಗಳಾದ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯಗಳಿಗೆ ಇಲ್ಲಿ ಕೆಲಸವಿದೆ. ಅವನ ಮಾನವನ್ನು ಬೀದಿಗೆ ತರದೆ, ಮನೆಯೊಂದಿಗೆ ಧರ್ಮವನ್ನೂ ಕೈಬಿಡದಂತೆ ಅವನನ್ನು ನಿಲ್ಲಿಸಬೇಕು. ಬಸದಿಯ ದ್ರವ್ಯವನ್ನು ಇದಕ್ಕೆ ಮುಟ್ಟುವಂತಿಲ್ಲ; ಅದು ನಿರ್ಮಾಲ್ಯದೋಷ. ಆದರೆ ಜಿನಸೇನ ಆಚಾರ್ಯರು ಹೇಳಿದ ನಾಲ್ಕು ದತ್ತಿಗಳಲ್ಲಿ ಸಹಧರ್ಮಿಗೆ ಸಮದತ್ತಿಯೂ ಸಕಲ ಜೀವಿಗಳಿಗೆ ದಯಾದತ್ತಿಯೂ ಇವೆ. ಹತ್ತು ಕುಟುಂಬಗಳು ಸೇರಿ ಪ್ರತ್ಯೇಕ ನಿಧಿಯಿಂದ ಬಡ್ಡಿಯಿಲ್ಲದೆ ಕೊಟ್ಟ ಹಣ ಒಂದು ಮನೆಯನ್ನು ಉಳಿಸಿದರೆ, ಅದು ನೂರು ಭಾಷಣಗಳಿಗಿಂತ ಮೇಲು. ಆ ಮನೆ ಸಹಧರ್ಮಿಯದಾಗಿರಬೇಕೆಂಬ ಕಟ್ಟೂ ಬೇಡ.

ಮೂರನೆಯದು ಉಪವಾಸದ ಶುದ್ಧಿ. ಅಷ್ಟಮಿ, ಚತುರ್ದಶಿಗಳ ಪ್ರೋಷಧೋಪವಾಸದಲ್ಲಿ ಅನ್ನದೊಡನೆ ಆರಂಭವನ್ನೂ ಕಷಾಯವನ್ನೂ ಬಿಡಬೇಕು. ಚತುರ್ದಶಿಯ ಮಧ್ಯಾಹ್ನ ಹಸಿದ ಹೊಟ್ಟೆಯಲ್ಲಿ ಮೊಬೈಲು ಹಿಡಿದು ಹರಾಜಿನ ಪಟ್ಟಿಯನ್ನು ತಿರುವಿಹಾಕುವವನದು ಲಂಘನವಾದೀತೇ ಹೊರತು ಉಪವಾಸವಾಗದು. ಒಂದು ಹೊತ್ತಿನ ಹಸಿವು ಶ್ರಾವಕನಿಗೆ ಇಲ್ಲದಿರುವಿಕೆಯ ರುಚಿಯನ್ನು ತಿಳಿಸುತ್ತದೆ. ಆ ಹಸಿವು ಮರುದಿನದ ಪಾರಣೆಯಲ್ಲಿ ತೀರುತ್ತದೆ. ಮನೆ ಕಳೆದುಕೊಂಡವನಿಗೆ ಅಂಥ ಮರುದಿನವಿಲ್ಲ. ಪಾರಣೆಗೆ ಕುಳಿತ ಗೃಹಸ್ಥನು ತನ್ನ ಮನೆಯ ಸೂರನ್ನೊಮ್ಮೆ ನೋಡಿ, ಇಷ್ಟು ಸಾಕು ಎಂದು ನಿಯಮ ಮಾಡಿಕೊಂಡು, ನೋಟೀಸು ಬಂದಿರುವ ನೆರೆಯವನ ಬಾಗಿಲನ್ನು ತಟ್ಟಿದರೆ ಆ ವ್ರತ ಫಲಿಸಿತೆಂದು ತಿಳಿಯಬೇಕು.