ಗೋವಿನಜೋಳ, ಹುದುಗು ಮತ್ತು ಹರಾಮ್‌ನ ಪ್ರಶ್ನೆ

ಗೋವಿನಜೋಳವನ್ನು ಇಥೆನಾಲ್ ಕಾರ್ಖಾನೆಗೆ ಮಾರುವುದು ಧರ್ಮಸಮ್ಮತವೇ? ನಮ್ಮ ಶಿರಹಟ್ಟಿ, ಲಕ್ಷ್ಮೇಶ್ವರ ಕಡೆಯ ರೈತ ಸಹೋದರರು ಇತ್ತೀಚೆಗೆ ಕೇಳುತ್ತಿರುವ ಪ್ರಶ್ನೆಯಿದು. ಇಥೆನಾಲ್ ಎಂದರೆ ಸಾರಾಯಿಯೊಳಗಿನ ಮದ್ಯಸಾರವೇ ಎಂದು ಯಾರೋ ಅವರಿಗೆ ಹೇಳಿದ್ದಾರೆ. ಹೇಳಿದ್ದು ಸುಳ್ಳೇನಲ್ಲ. ಮದ್ಯದ ವಿಷಯದಲ್ಲಿ ಪ್ರವಾದಿ(ಸ)ಯವರು ಕುಡಿಯುವವನನ್ನು ಮಾತ್ರವಲ್ಲ, ಹಿಂಡುವವನು, ಹೊರುವವನು, ಮಾರುವವನು ಮುಂತಾಗಿ ಹತ್ತು ಮಂದಿಯನ್ನು ಶಪಿಸಿರುವುದು ನಮಗೆಲ್ಲ ತಿಳಿದಿದೆ. ಆದ್ದರಿಂದ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ.

ಮೊದಲು ಕಾರ್ಖಾನೆಯೊಳಗೆ ನಡೆಯುವುದೇನೆಂದು ನೋಡೋಣ. ಕಾಳನ್ನು ಹಿಟ್ಟು ಮಾಡಿ ನೀರಿನಲ್ಲಿ ಬೇಯಿಸುತ್ತಾರೆ. ಕಿಣ್ವಗಳು ಅದರ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತವೆ. ಅನಂತರ ಯೀಸ್ಟ್ ಬೆರೆಸುತ್ತಾರೆ. ಬೇಕರಿಯ ಬ್ರೆಡ್ಡನ್ನೂ ನಮ್ಮ ನಾನ್ ರೊಟ್ಟಿಯನ್ನೂ ಉಬ್ಬಿಸುವ ಸೂಕ್ಷ್ಮಜೀವಿ ಅದೇ. ಗಾಳಿಯಾಡದ ತೊಟ್ಟಿಯಲ್ಲಿ ಅದು ಸಕ್ಕರೆಯನ್ನು ತಿಂದು, ಬದುಕಲು ಬೇಕಾದ ಶಕ್ತಿಯನ್ನು ಪಡೆದು, ಇಥೆನಾಲನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಹೊರಬಿಡುತ್ತದೆ. ರೊಟ್ಟಿಗೆ ಬೇಕಾದದ್ದು ಅನಿಲ, ಇಂಧನಕ್ಕೆ ಬೇಕಾದದ್ದು ದ್ರವ. ಕೆಲಸ ಮಾತ್ರ ಒಂದೇ. ಅರಬೀ ಭಾಷೆಯಲ್ಲಿ ಹಿಟ್ಟಿನ ಹುದುಗಿಗೆ ಖಮೀರ್ ಎನ್ನುತ್ತಾರೆ, ಮದ್ಯಕ್ಕೆ ಖಮ್ರ್. ಎರಡೂ ‘ಮುಚ್ಚು’ ಎಂಬ ಅರ್ಥದ ಒಂದೇ ಧಾತುವಿನಿಂದ ಹುಟ್ಟಿದ ಪದಗಳು. ಬುದ್ಧಿಯನ್ನು ಮುಚ್ಚುವಂಥದ್ದು ಖಮ್ರ್ ಎಂದು ಹಝ್ರತ್ ಉಮರ್(ರ) ವಿವರಿಸಿದರು. ಖಮೀರನ್ನು ಯಾರೂ ನಿಷೇಧಿಸಲಿಲ್ಲ.

ಇನ್ನೊಂದು ಉದಾಹರಣೆ ಸಿರ್ಕಾ. ಮದ್ಯಸಾರವನ್ನು ಬೇರೊಂದು ಬಗೆಯ ಬ್ಯಾಕ್ಟೀರಿಯಾ ಹುಳಿಯಾಗಿ ಮಾರ್ಪಡಿಸಿದಾಗ ಸಿರ್ಕಾ ಸಿದ್ಧವಾಗುತ್ತದೆ. ಪ್ರವಾದಿ(ಸ) ಸಿರ್ಕಾವನ್ನು ಒಳ್ಳೆಯ ವ್ಯಂಜನವೆಂದು ಮೆಚ್ಚಿದ್ದರು. ಮದ್ಯವನ್ನು ಬೇಕೆಂದೇ ಸಿರ್ಕಾ ಮಾಡಿದರೂ ಅದು ಶುದ್ಧವೆಂದು ಹನಫೀ ಉಲೇಮಾ ಹೇಳುತ್ತಾರೆ. ಏನನ್ನಾದರೂ ಬೆರೆಸಿ ಮಾಡಿದರೆ ಶುದ್ಧವಾಗದೆಂಬುದು ಭಟ್ಕಳದ ಕಡೆಯವರು ಅನುಸರಿಸುವ ಶಾಫೀ ಪಂಥದ ಅಭಿಪ್ರಾಯ. ಆದರೆ ವಸ್ತುವಿನ ಗುಣ ಬದಲಾದರೆ ವಿಧಿಯೂ ಬದಲಾಗಬಹುದೆಂಬ ಮಾತು ಇಬ್ಬರಿಗೂ ಹೊಸತಲ್ಲ. ಇಂಧನದ ಇಥೆನಾಲಿನಿಂದ ನೀರಿನಂಶವನ್ನು ತೆಗೆದು ಪೆಟ್ರೋಲಿಗೆ ಬೆರೆಸುತ್ತಾರೆ. ಅದು ಯಾರ ಬುದ್ಧಿಯನ್ನೂ ಮುಚ್ಚುವುದಿಲ್ಲ, ಇಂಜಿನನ್ನು ಓಡಿಸುತ್ತದೆ.

ಅದೇ ಕಾರ್ಖಾನೆ ಮದ್ಯದ ಕಂಪೆನಿಗೂ ಸ್ಪಿರಿಟ್ ಒದಗಿಸುತ್ತಿದ್ದರೆ? ಮದ್ಯ ತಯಾರಿಸುವವನಿಗೆ ದ್ರಾಕ್ಷಿಯ ರಸ ಮಾರುವುದನ್ನು ಇಮಾಮ್ ಅಬೂ ಹನೀಫಾ(ರ) ಅನುಮತಿಸಿದರು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅದನ್ನು ಮಕ್ರೂಹ್ ಎಂದರು. ನನಗೆ ಶಿಷ್ಯರ ಮಾತೇ ಹೆಚ್ಚು ಹಿಡಿಸುತ್ತದೆ. ಬೇರೆ ಗಿರಾಕಿ ಇದ್ದರೆ ಅಂಥಲ್ಲಿಗೆ ಕೊಡದಿರುವುದೇ ಲೇಸು. ಆದರೆ ಇಂಧನಕ್ಕಾಗಿ ಕೊಂಡವನಿಗೆ ಮಾರಿದ್ದರಲ್ಲಿ ದೋಷ ಹುಡುಕಲಾರೆ.

ಹಾಗಾದರೆ ವಿಷಯ ಮುಗಿಯಿತೇ? ನಿಜವಾದ ಪ್ರಶ್ನೆ ಈಗ ಶುರುವಾಗುತ್ತದೆ ಎನ್ನುವುದು ನನ್ನ ಅನಿಸಿಕೆ. ತೊಟ್ಟಿಯಿಂದ ಹೊರಬರುವುದನ್ನು ಕುರಿತು ಇಷ್ಟು ಸೂಕ್ಷ್ಮವಾಗಿ ವಿಚಾರಿಸುವ ನಾವು, ತೊಟ್ಟಿಯೊಳಗೆ ಹೋಗುವುದನ್ನು ಕುರಿತು ಯಾಕೆ ಕೇಳುವುದಿಲ್ಲ?

ಮೊದಲ ಮಹಾಯುದ್ಧದ ಕಾಲದಲ್ಲಿ ಮ್ಯಾಂಚೆಸ್ಟರಿನ ರಸಾಯನ ವಿಜ್ಞಾನಿ ಖಾಯಿಮ್ ವೈಝ್‌ಮನ್ (1949ರಲ್ಲಿ ಇಸ್ರೇಲಿನ ಮೊದಲ ಅಧ್ಯಕ್ಷರಾದವರು ಇವರೇ) ಗೋವಿನಜೋಳದ ಪಿಷ್ಟದಿಂದ ಅಸಿಟೋನ್ ತಯಾರಿಸುವ ಬ್ಯಾಕ್ಟೀರಿಯಾವನ್ನು ಕೆಲಸಕ್ಕೆ ಹಚ್ಚಿದರು. ಅಸಿಟೋನ್ ಬೇಕಾಗಿದ್ದುದು ಮದ್ದುಗುಂಡಿಗೆ. 1917ರಲ್ಲಿ ಬ್ರಿಟನ್ನಿನಲ್ಲಿ ಧಾನ್ಯದ ಅಭಾವವಾದಾಗ, ಮನುಷ್ಯರು ತಿನ್ನದ ಚೆಸ್ಟ್‌ನಟ್ ಕಾಯಿಗಳನ್ನು ಆರಿಸಿ ತರಲು ಸರಕಾರ ಶಾಲಾ ಮಕ್ಕಳಿಗೆ ಹೇಳಿತು. ಉದ್ದೇಶ ಕೊಲ್ಲುವುದೇ ಆಗಿದ್ದರೂ, ರೊಟ್ಟಿಯ ಕಾಳನ್ನು ತೊಟ್ಟಿಗೆ ಸುರಿಯಲು ಆ ಸರಕಾರವೂ ಹಿಂಜರಿಯಿತು. ಬ್ಯಾಕ್ಟೀರಿಯಾಕ್ಕೆ ಇದಾವುದೂ ಗೊತ್ತಿಲ್ಲ. ಅದಕ್ಕೆ ಹರಾಮೂ ಇಲ್ಲ, ಹಲಾಲೂ ಇಲ್ಲ. ವಿಚಾರಣೆ ಇರುವುದು ಉಣಿಸುವವನಿಗೆ.

ನಮ್ಮ ದೇಶದ ಸ್ಥಿತಿಯನ್ನೇ ನೋಡಿ. ಇಥೆನಾಲಿಗೆ ಬೇಡಿಕೆ ಏರಿದ್ದರಿಂದ 2024ರಲ್ಲಿ ಭಾರತ ಮ್ಯಾನ್ಮಾರ್ ಮತ್ತು ಉಕ್ರೇನ್‌ಗಳಿಂದ ಗೋವಿನಜೋಳ ತರಿಸಿಕೊಂಡಿತು. ಮೇವು ತುಟ್ಟಿಯಾಯಿತೆಂದು ಕೋಳಿ ಸಾಕುವವರು ಗೋಳಾಡಿದರು. ಕೋಳಿಯ ಮೇವು ತುಟ್ಟಿಯಾದರೆ ಬಡವನ ತಟ್ಟೆಯ ಮೊಟ್ಟೆಯೂ ತುಟ್ಟಿಯಾಗುತ್ತದೆ. ಮರುವರ್ಷ ಚಕ್ರ ತಿರುಗಿತು. 2025ರ ನವೆಂಬರ್‌ನಲ್ಲಿ ಲಕ್ಷ್ಮೇಶ್ವರದ ರೈತರು ಖರೀದಿ ಕೇಂದ್ರ ತೆರೆಯಬೇಕೆಂದು ಧರಣಿ ಕುಳಿತರು. ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಮಾರುಕಟ್ಟೆಯ ಬೆಲೆ ಎರಡು ಸಾವಿರಕ್ಕಿಂತ ಕೆಳಗೆ ಇಳಿದಿತ್ತು.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಕ್ವಿಂಟಲ್ ಗೋವಿನಜೋಳದಿಂದ ಸುಮಾರು 38 ಲೀಟರ್ ಇಥೆನಾಲ್ ಸಿಗುತ್ತದೆ. 2024-25ರ ಸಾಲಿನಲ್ಲಿ ತೈಲ ಕಂಪೆನಿಗಳು ಗೋವಿನಜೋಳದ ಇಥೆನಾಲಿಗೆ ಕೊಟ್ಟ ದರ ಲೀಟರಿಗೆ 71 ರೂಪಾಯಿ 86 ಪೈಸೆ. ಅಂದರೆ ಸುಮಾರು 2,730 ರೂಪಾಯಿ. ಇದರ ಮೇಲೆ ಉಳಿದ ಗಸಿಯನ್ನು ಒಣಗಿಸಿ ದನ, ಕೋಳಿಗಳ ಮೇವಿಗೆ ಮಾರುತ್ತಾರೆ. ಕಾರ್ಖಾನೆಗೂ ಕಲ್ಲಿದ್ದಲು, ಕೂಲಿ, ಬಡ್ಡಿಯ ಖರ್ಚಿದೆ, ಒಪ್ಪೋಣ. ಆದರೆ ಸರಕಾರ ಇಥೆನಾಲಿಗೆ ದರ ಗೊತ್ತು ಮಾಡಿ ಕೊಡಿಸಬಲ್ಲುದಾದರೆ, ಕಾಳಿಗೆ ತಾನೇ ಘೋಷಿಸಿದ ಬೆಲೆಯನ್ನು ಯಾಕೆ ಕೊಡಿಸಲಾರದು? ಪ್ರವಾದಿ ಶುಐಬ್(ಅ) ತಮ್ಮ ಜನಾಂಗವನ್ನು ಅಳತೆ-ತೂಕದ ವಿಷಯದಲ್ಲಿ ಮಾತ್ರ ಎಚ್ಚರಿಸಲಿಲ್ಲ; ಜನರ ವಸ್ತುಗಳ ಬೆಲೆಗೆಡಿಸಬಾರದೆಂದೂ ಹೇಳಿದರೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಮದ್ಯಸಾರವೆಂಬ ಹೆಸರಿಗೆ ಬೆಚ್ಚಿಬೀಳುವ ನಮ್ಮ ಜನ ಈ ಆಯತ್ತಿಗೆ ಅಷ್ಟು ಬೆಚ್ಚುವುದಿಲ್ಲ. ದಲಾಲಿ ಅಂಗಡಿಗಳಲ್ಲಿ ನಮ್ಮವರೂ ಇದ್ದಾರೆ.

ಕಾಳಿನ ಬದಲು ಕಸವನ್ನು ಉಣಿಸಬಾರದೇ ಎಂದರೆ, ಅದು ಸಾಧ್ಯ. 2022ರ ಆಗಸ್ಟಿನಲ್ಲಿ ಹರಿಯಾಣದ ಪಾಣಿಪತ್ತಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಕಾರ್ಖಾನೆ ಶುರುವಾಯಿತು. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಇಥೆನಾಲ್ ತೆಗೆಯುವುದು ಅದರ ಗುರಿ. ಕೆಲಸ ಸುಲಭದ್ದಲ್ಲ. ಹುಲ್ಲಿನ ನಾರು ಪಿಷ್ಟದಂತೆ ಬೇಗನೆ ಒಡೆಯುವುದಿಲ್ಲ. ಅದರಿಂದ ಬರುವ ಝೈಲೋಸ್ ಎಂಬ ಸಕ್ಕರೆಯನ್ನು ಸಾಮಾನ್ಯ ಯೀಸ್ಟ್ ಹುದುಗಿಸಲಾರದು. ಅದಕ್ಕಾಗಿ ವಿಜ್ಞಾನಿಗಳು ಬೇರೆ ಜೀವಿಗಳ ವಂಶವಾಹಿಯನ್ನು ಯೀಸ್ಟಿಗೆ ಸೇರಿಸಿದ್ದಾರೆ.

ಹಾಗೆಂದು ನಮ್ಮ ಹೊಲದಲ್ಲಿ ಉಳಿಯುವುದೆಲ್ಲ ಕಸವೂ ಅಲ್ಲ. ಮುಂಡರಗಿಯ ಬೇಸಿಗೆಯಲ್ಲಿ ಎತ್ತಿಗೆ ಹಾಕುವುದು ಸೊಪ್ಪೆಯನ್ನೇ. ಹತ್ತಿಕಟ್ಟಿಗೆ ಎಷ್ಟೋ ಮನೆಗಳ ಒಲೆಗೆ ಹೋಗುತ್ತದೆ. ಕಾಳು ಬಿಡಿಸಿದ ತೆನೆಯ ಬೆಂಡು, ರವದಿ, ಬದುವಿನಲ್ಲಿ ಬೆಂಕಿಯಿಟ್ಟು ಸುಡುವ ಕಸಕಡ್ಡಿ, ಇಷ್ಟನ್ನು ಕೇಳಿದರೆ ಯಾರ ಬಾಯಿಯ ತುತ್ತನ್ನೂ ಕಿತ್ತುಕೊಂಡಂತಾಗದು. ಅದಕ್ಕೂ ಬೆಲೆ ಕಟ್ಟಿ, ತೂಗಿ, ಹಣ ಕೊಟ್ಟೇ ಒಯ್ಯಬೇಕು.