ಗುಂಡಿಯಲ್ಲಿ ಉಳಿದ ನೀರು ಯಾರದು?

ಹೆಬ್ರಿ ದಾಟಿ ಸೋಮೇಶ್ವರದ ಕಡೆಗೆ ಹೋಗುವಾಗ ರಸ್ತೆಗೆ ಹತ್ತಿರದಲ್ಲೇ ಸೀತಾನದಿ ಸಿಗುತ್ತದೆ. ಡಿಸೆಂಬರಿನಲ್ಲಿ ನೀರು ಮೊಣಕಾಲಿನ ಮಟ್ಟಕ್ಕೆ ಇಳಿದು, ತಳದ ಕಲ್ಲುಗಳನ್ನು ಎಣಿಸಬಹುದಾದಷ್ಟು ತಿಳಿಯಾಗಿರುತ್ತದೆ. ಹರಿವು ಸ್ವಲ್ಪ ಜೋರಿರುವ ಕಡೆ ಅಂಗೈಯಗಲದ ಕಲ್ಲೊಂದನ್ನು ಎತ್ತಿ ಮಗುಚಿ ನೋಡಿ. ಮೊದಲು ಕಾಣುವುದು ಬರೀ ಪಾಚಿ, ಮಣ್ಣು. ಅರ್ಧ ನಿಮಿಷ ಸುಮ್ಮನಿದ್ದರೆ ಆ ಮಣ್ಣಿನ ಒಂದು ಚೂರು ನಡೆಯತೊಡಗುತ್ತದೆ. ಚಪ್ಪಟೆ ಮೈ, ಹಿಂದೆ ಎಳೆಯೆಳೆಯಾದ ಬಾಲ, ಹೊಟ್ಟೆಯ ಎರಡೂ ಬದಿಗೆ ಎಲೆಯಂಥ ಕಿವಿರು. ಅದು ಮೇಫ್ಲೈ ಎಂಬ ಕೀಟದ ಮರಿ. ಅದರ ಪಕ್ಕದಲ್ಲಿ, ಮರಳಿನ ಕಣಗಳನ್ನು ತನ್ನದೇ ರೇಷ್ಮೆಯಿಂದ ಅಂಟಿಸಿ ಕೊಳವೆಯಂಥ ಮನೆ ಮಾಡಿಕೊಂಡ ಕ್ಯಾಡಿಸ್ ಮರಿ. ಕಲ್ಲನ್ನು ಹಾಗೆಯೇ ಮತ್ತೆ ಇಟ್ಟುಬಿಡಿ. ಎತ್ತಿದ್ದು ಒಬ್ಬರ ಮನೆಯ ಮಾಡು.

ನಮ್ಮ ಕಡೆ ನೀರಿನ ತಳದ ಜೀವಗಳಿಗೆ ಹೆಸರೇ ಇಲ್ಲ ಎಂದಲ್ಲ. ತುಳುವಿನಲ್ಲಿ ಏಡಿಗೆ ಡೆಂಜಿ, ಸಿಗಡಿಗೆ ಎಟ್ಟಿ, ಬಸವನಹುಳುವಿಗೆ ನರ್ತೆ. ಸೀತೆಯೂ ಸುವರ್ಣೆಯೂ ಕಡಲು ಸೇರುವ ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರಲ್ಲಿ ನಿಂತು ಹೆಕ್ಕುವುದು ಮರುವಾಯಿ. ಎಲ್ಲವೂ ಪದಾರ್ಥಕ್ಕೆ ಆಗುವಂಥವು. ಆಗದ್ದನ್ನೆಲ್ಲ ನಮ್ಮ ಮನೆಯಲ್ಲಿ ‘ಪುರಿ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಪುರಿ ಎಂದರೆ ಹುಳ.

ಈ ಹುಳದ ಬದುಕು ಮಾತ್ರ ಆ ಒಂದು ಮಾತಿಗೆ ಸಿಗುವಂಥದ್ದಲ್ಲ. ಮೇಫ್ಲೈ ರೆಕ್ಕೆ ಬಂದ ಮೇಲೆ ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ ಬದುಕುತ್ತದೆ. ಆಗ ಅದು ಏನನ್ನೂ ತಿನ್ನುವುದಿಲ್ಲ. ಒಂದೇ ದಿನ ಬದುಕುವ ಈ ರೆಕ್ಕೆಯ ಜೀವಿಯ ಬಗ್ಗೆ ಅರಿಸ್ಟಾಟಲನೇ ಬರೆದಿಟ್ಟಿದ್ದಾನೆ. ಆದರೆ ಅವನು ಕಂಡದ್ದು ಕೊನೆಯ ದಿನವನ್ನು. ಅದಕ್ಕೆ ಮುಂಚಿನ ವಾರಗಳು, ತಿಂಗಳುಗಳು ಎಲ್ಲ ಕಲ್ಲಿನಡಿಯಲ್ಲೇ ಕಳೆದಿರುತ್ತವೆ. ರಾತ್ರಿ ಇವು ಕಲ್ಲು ಬಿಟ್ಟು ಹರಿವಿನಲ್ಲಿ ಸ್ವಲ್ಪ ದೂರ ತೇಲುತ್ತವೆ. ಹೀಗೆ ತೇಲುತ್ತಲೇ ಇದ್ದರೆ ನದಿಯ ಮೇಲ್ಭಾಗ ಖಾಲಿಯಾಗಬೇಕಲ್ಲ? ರೆಕ್ಕೆ ಬಂದ ಹೆಣ್ಣುಗಳು ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಹಾರಿ ಮೊಟ್ಟೆಯಿಡುತ್ತವೆ, ಅಲ್ಲಿಗೆ ಲೆಕ್ಕ ಸರಿಯಾಗುತ್ತದೆ ಎಂದು ಕಾರ್ಲ್ ಮ್ಯೂಲರ್ ಎಂಬ ವಿಜ್ಞಾನಿ 1954ರಲ್ಲಿ ಸೂಚಿಸಿದರು. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿದ್ದು. ಇವುಗಳಲ್ಲಿ ಕೆಲವಕ್ಕೆ ಕಿವಿರನ್ನು ತಾವಾಗಿ ಆಡಿಸಲು ಬರುವುದಿಲ್ಲ. ನೀರು ಹರಿದು ಹೋಗುವಾಗ ಮೈಗೆ ತಾಗುವುದೇ ಅವುಗಳ ಉಸಿರು. ನೀರು ಎಷ್ಟೇ ಶುದ್ಧವಿರಲಿ, ನಿಂತರೆ ಅವು ಉಸಿರುಗಟ್ಟುತ್ತವೆ.

ಇಂಥ ಜೀವಗಳ ಪರವಾಗಿ ಮಾತನಾಡುವವರು ಸಾಮಾನ್ಯವಾಗಿ ಹಿಡಿಯುವ ವಾದ ಒಂದಿದೆ: ಅವು ಉಪಯೋಗಕ್ಕೆ ಬರುತ್ತವೆ. ಮೀನಿಗೆ ಆಹಾರ, ಬಿದ್ದ ಎಲೆಯನ್ನು ಪುಡಿಮಾಡುವ ಗಿರಣಿ, ನೀರಿನ ಗುಣ ತಿಳಿಸುವ ಮಾಪಕ. ಮಾಪಕದ ಮಾತು ನಿಜವೇ. ಬೆಂಗಳೂರಿನ ಏಟ್ರೀ ಸಂಸ್ಥೆಯಿಂದ 2007ರಲ್ಲಿ ಕೆ.ಎ. ಸುಬ್ರಮಣಿಯನ್ ಮತ್ತು ಕೆ.ಜಿ. ಶಿವರಾಮಕೃಷ್ಣನ್ ಅವರ ಕೈಪಿಡಿಯೊಂದು ಬಂತು. ನೀರಿನ ಕೀಟಗಳನ್ನು ನೋಡಿ ಹೊಳೆಯ ಆರೋಗ್ಯ ತಿಳಿಯುವುದು ಹೇಗೆಂದು ಅದರಲ್ಲಿದೆ. ಇಂಗ್ಲೆಂಡಿನಲ್ಲಿ ರೂಪಿಸಿದ ಒಂದು ಪದ್ಧತಿಯಲ್ಲಿ ಕೊಳೆ ಸಹಿಸದ ಕೀಟಗಳ ಕುಟುಂಬಕ್ಕೆ 10 ಅಂಕ, ಎಂಥ ಕೊಚ್ಚೆಯಲ್ಲೂ ಬದುಕುವ ಹುಳಕ್ಕೆ 1. ನಾನೂ ಕಾಲೇಜಿನ ಹುಡುಗರಿಗೆ ಹೀಗೆಯೇ ಹೇಳಿ ಒಪ್ಪಿಸಿದ್ದೇನೆ. ಈಗ ಆ ವಾದ ನನಗೆ ಲಂಚದಂತೆ ಕೇಳಿಸುತ್ತದೆ. ನಾಳೆ ಅಗ್ಗದ ಯಂತ್ರವೊಂದು ಅದೇ ಕೆಲಸ ಮಾಡಿದರೆ ಹುಳದ ನೌಕರಿ ಹೋಯಿತು, ಅದರ ಜೊತೆ ಬದುಕುವ ಹಕ್ಕೂ ಹೋಯಿತು. ಒಣಗಲು ಹಾಕಿದ ಅಡಿಕೆ ಕಾಯುತ್ತಾಳೆ, ಅದಕ್ಕೇ ಅಜ್ಜಿಗೆ ಊಟ ಹಾಕುತ್ತೇವೆ ಎಂದು ಯಾರಾದರೂ ಹೇಳಿದರೆ ನಮಗೆ ಹೇಗನ್ನಿಸುತ್ತದೆ?

ಉಪಯೋಗದ ಮಾತನ್ನು ಬದಿಗಿಟ್ಟರೆ ಪ್ರಶ್ನೆ ಕಷ್ಟವಾಗುತ್ತದೆ. ನನಗೆ ಅದು ಕಷ್ಟವಾದದ್ದು 2019ರ ಬೇಸಿಗೆಯಲ್ಲಿ. ಉಡುಪಿಗೂ ಮಣಿಪಾಲಕ್ಕೂ ಕುಡಿಯುವ ನೀರು ಬರುವುದು ಸುವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. ಆ ವರ್ಷ ಮೇ ತಿಂಗಳಲ್ಲಿ ಅಲ್ಲಿ ತಳ ಕಂಡಿತು. ನದಿಯ ಮೇಲ್ಭಾಗದಲ್ಲಿ ಬಂಡೆಗಳ ನಡುವಿನ ಗುಂಡಿಗಳಲ್ಲಿ ನಿಂತಿದ್ದ ನೀರನ್ನು ಪಂಪಿನಿಂದ ಎತ್ತಿ ಊರಿಗೆ ಕೊಟ್ಟರು. ಕೊಡಲೇಬೇಕಿತ್ತು. ನಾನಾಗ ಮಣಿಪಾಲದ ಬಾಡಿಗೆ ಕೋಣೆಯಲ್ಲಿದ್ದೆ. ನಲ್ಲಿ ಬಂದ ದಿನ ಬಕೆಟ್ಟುಗಳನ್ನೆಲ್ಲ ತುಂಬಿಸಿದೆ, ಕುಡಿದೆ, ಮಿಕ್ಕಿದ್ದರಲ್ಲಿ ಜೀನ್ಸ್ ಪ್ಯಾಂಟನ್ನೂ ಒಗೆದೆ. ಬೇಸಿಗೆಯ ಗುಂಡಿ ಎಂದರೆ ಏನೆಂದು ನನಗೆ ಆಗಲೇ ಗೊತ್ತಿತ್ತು. ಹರಿವು ನಿಂತ ಹೊಳೆಯಲ್ಲಿ ಉಳಿದ ಜೀವವೆಲ್ಲ ಸೇರುವುದು ಎರಡೇ ಕಡೆ: ತಳದ ಮರಳಿನ ಒಳಗಿನ ಪಸೆ ಮತ್ತು ಈ ಗುಂಡಿಗಳು. ಮಳೆ ಬಂದ ಮೇಲೆ ಹೊಳೆ ಮತ್ತೆ ತುಂಬುವುದು ಬಹುಮಟ್ಟಿಗೆ ಅಲ್ಲಿಂದಲೇ. ಒಂದು ದಾರಿಯನ್ನು ಮರಳು ತೆಗೆಯುವವರು ಅಗೆದುಕೊಂಡು ಹೋದರೆ, ಇನ್ನೊಂದನ್ನು ನಾನು ಬಕೆಟ್ಟಿಗೆ ತುಂಬಿಸಿಕೊಂಡಿದ್ದೆ.

ಇದಕ್ಕೆ ನಮ್ಮಲ್ಲಿ ಒಂದು ಹಳೆಯ ಮಾತಿದೆ, ಆಪದ್ಧರ್ಮ. ಬರಗಾಲದಲ್ಲಿ ವಿಶ್ವಾಮಿತ್ರ ಚಾಂಡಾಲನ ಮನೆಯಲ್ಲಿ ನಾಯಿಯ ಮಾಂಸಕ್ಕೆ ಕೈಹಾಕಿದ ಕಥೆ ಮಹಾಭಾರತದ ಶಾಂತಿಪರ್ವದಲ್ಲಿ ಬರುತ್ತದೆ. ಬಾಯಾರಿದ ಊರು ಗುಂಡಿಯ ನೀರನ್ನು ಎತ್ತುವುದು ಆ ಜಾತಿಯ ಕೆಲಸ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ವಿಶ್ವಾಮಿತ್ರ ತಾನು ಕೈಹಾಕುತ್ತಿರುವುದು ಯಾವುದಕ್ಕೆಂದು ಬಲ್ಲವನಾಗಿದ್ದ. ಮನೆಯವನ ಜೊತೆ ಗಂಟೆಗಟ್ಟಲೆ ವಾದಿಸಿದ. ನನಗೆ ನಲ್ಲಿ ತಿರುಗಿಸಿದರೆ ಸಾಕಿತ್ತು. ಆಪತ್ತು ಪ್ರತಿ ಮೇ ತಿಂಗಳು ಕ್ಯಾಲೆಂಡರ್ ನೋಡಿಕೊಂಡು ಬರತೊಡಗಿದರೆ ಅದನ್ನು ಆಪತ್ತು ಎನ್ನಬೇಕೋ ಅಭ್ಯಾಸ ಎನ್ನಬೇಕೋ? ಪ್ಯಾಂಟು ಒಗೆದದ್ದಕ್ಕಂತೂ ಯಾವ ಪರ್ವದಲ್ಲೂ ಆಧಾರ ಸಿಗಲಿಕ್ಕಿಲ್ಲ.

ಸುವರ್ಣೆ ಹರಿದು ಬರುವುದು ಕಾರ್ಕಳದ ಸೀಮೆಯಿಂದ, 1432ರಿಂದ ಬಾಹುಬಲಿ ನಿಂತಿರುವ ಊರಿನ ಸೀಮೆಯಿಂದ. ಜೈನರು ಜೀವಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ವಿಂಗಡಿಸಿದರು. ಚಿಪ್ಪಿನ ಜೀವಿಗೆ ಎರಡು, ಇರುವೆಗೆ ಮೂರು, ನೊಣದಂಥವಕ್ಕೆ ನಾಲ್ಕು. ಏಣಿಯೇನೋ ಇದೆ, ಆದರೆ ಕೆಳಗಿನ ಮೆಟ್ಟಿಲಲ್ಲಿರುವುದೂ ಲೆಕ್ಕಕ್ಕೆ ಬರುತ್ತದೆ. ಅವರ ಆಚಾರಗಳಲ್ಲಿ ನನಗೆ ಬಹಳ ಹಿಡಿಸಿದ್ದು ನೀರು ಸೋಸುವುದು. ಸೋಸಿ ಕುಡಿಯುವುದು ದೊಡ್ಡ ಮಾತಲ್ಲ, ಎಲ್ಲರೂ ಮಾಡುತ್ತಾರೆ. ಬಟ್ಟೆಯಲ್ಲಿ ಉಳಿದದ್ದನ್ನು ಚೆಲ್ಲುವಂತಿಲ್ಲ. ಆ ನೀರು ಯಾವ ಬಾವಿಯದೋ ಅದೇ ಬಾವಿಗೆ ಮರಳಿಸಬೇಕು, ಅದೂ ಎತ್ತರದಿಂದ ಸುರಿಯದೆ, ಕೊಡವನ್ನು ನೀರಿನ ಮಟ್ಟಕ್ಕೆ ಇಳಿಸಿ. ಕಣ್ಣಿಗೆ ಕಾಣದ, ಹೆಸರು ಗೊತ್ತಿಲ್ಲದ, ಯಾವ ಉಪಕಾರವನ್ನೂ ಮಾಡದ ಜೀವಕ್ಕೆ ಅದರ ಊರಿನ ವಿಳಾಸವಿದೆ ಎಂದು ಒಪ್ಪಿಕೊಂಡಂತೆ. ಆದರೆ ಇದು ಒಂದು ಕೊಡದ ಅಳತೆಯ ಧರ್ಮ. ಹತ್ತು ಅಶ್ವಶಕ್ತಿಯ ಪಂಪಿಗೆ ಯಾವ ಬಟ್ಟೆ ಕಟ್ಟುವುದು, ಬಾವಿಯೇ ಖಾಲಿಯಾದ ಮೇಲೆ ಎಲ್ಲಿಗೆ ಮರಳಿಸುವುದು?

ಹಿಂದೆ ನಮ್ಮ ಹೊಳೆಗಳಿಗೆ ಮಳೆ ಮುಗಿದ ಮೇಲೆ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಹಾಕುತ್ತಿದ್ದರು, ಮಳೆಗಾಲದ ನೆರೆಗೆ ಅದು ಕೊಚ್ಚಿಹೋಗುತ್ತಿತ್ತು. ಈಗ ಕಿಂಡಿ ಅಣೆಕಟ್ಟುಗಳು ಬಂದಿವೆ. ಮಳೆಗಾಲದಲ್ಲಿ ಹಲಗೆ ತೆಗೆಯುತ್ತಾರೆ, ಆದರೆ ತಿಂಗಳುಗಟ್ಟಲೆ ನಿಂತ ನೀರಿನಲ್ಲಿ ಹೂಳು ಇಳಿದು ಕಲ್ಲುಗಳ ಸಂದುಗಳು ಮುಚ್ಚಿಕೊಳ್ಳುತ್ತವೆ. ಅವನ್ನು ಒಡೆಯಿರಿ ಎನ್ನುವ ಧೈರ್ಯ ನನಗಿಲ್ಲ. ಕಡಲಿನ ಹತ್ತಿರದ ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ತಡೆಯುವುದೂ ಅವೇ.

ಎಣ್ಣೆಹೊಳೆಯ ಕಡೆ ನಮ್ಮ ಮಾವನ ತೋಟವಿದೆ. ಕಳೆದ ಏಪ್ರಿಲಿನಲ್ಲಿ ಹೊಳೆಯ ಗುಂಡಿಯಿಂದ ಅಡಿಕೆಗೆ ನೀರು ಬಿಡುವಾಗ ಜೊತೆಗಿದ್ದೆ. ನಡುನಡುವೆ ಅವರು ಪಂಪು ನಿಲ್ಲಿಸಿ ಫುಟ್‌ವಾಲ್ವ್ ಮೇಲೆತ್ತಿ, ಅದರ ಜಾಲರಿಗೆ ಅಂಟಿದ್ದನ್ನು ಗುಂಡಿಯ ನೀರಿನಲ್ಲೇ ಅಲುಗಿಸಿ ತೊಳೆಯುತ್ತಿದ್ದರು. ಕೊಳೆತ ಎಲೆ, ಪಾಚಿ, ಒಂದೆರಡು ನರ್ತೆ, ಬಾಲವಿರುವ ಆ ಚಪ್ಪಟೆ ಹುಳ. ಎಲ್ಲವೂ ಮರಳಿ ನೀರಿಗೆ. ಯಾಕೆ ಹೀಗೆ ಎಂದು ಕೇಳಿದೆ. “ಜಾಲರಿ ಕಟ್ಟಿದರೆ ಪಂಪು ನೀರು ಎತ್ತುವುದಿಲ್ಲ ಮಾರಾಯ” ಎಂದರು. ಗುಂಡಿಯಲ್ಲಿ ಆಗ ಸೊಂಟದ ಮಟ್ಟ ನೀರಿತ್ತು. ಅವರು ಮತ್ತೆ ಸ್ವಿಚ್ ಹಾಕಲು ಮೇಲೆ ಹೋದರು, ನಾನು ಫುಟ್‌ವಾಲ್ವ್ ಕೆಳಗಿಳಿಸಿದೆ.