ಕೆಳಗಿಡಲಾಗದ ಗರಗಸ

ಒಂದು ಕ್ರಿಯೆಯಲ್ಲಿ ಪಾಲುಗೊಳ್ಳುವ ಹಲವು ಸಂಗತಿಗಳ ನಡುವೆ ಯಾವುದು ಕರ್ತೃ, ಯಾವುದು ಕರಣ ಎಂದು ವಿಚಾರಿಸಿದ ನಮ್ಮ ಶಾಸ್ತ್ರಕಾರರಿಗೆ ಮತ್ತೆ ಮತ್ತೆ ಒದಗಿಬಂದ ಉದಾಹರಣೆ ಮರ ಕಡಿಯುವ ಕೊಡಲಿ. ಪಾಣಿನಿಯ ಮತದಲ್ಲಿ ಕ್ರಿಯೆಯಲ್ಲಿ ಸ್ವತಂತ್ರವಾದದ್ದು ಕರ್ತೃ. ಅದು ನೆರವೇರಲು ಎಲ್ಲಕ್ಕಿಂತ ಹೆಚ್ಚಾಗಿ ಒದಗುವುದು ಕರಣ, ಅಂದರೆ ಸಾಧನ. ನೈಯಾಯಿಕರು ಇನ್ನೂ ಒಳಹೊಕ್ಕು, ಕರಣಕ್ಕೂ ಫಲಕ್ಕೂ ನಡುವೆ ಘಟಿಸುವ ಸಂಗತಿಯನ್ನು, ಇಲ್ಲಿ ಕೊಡಲಿಯ ಬಾಯಿ ಮರಕ್ಕೆ ತಾಗುವುದನ್ನು, ‘ವ್ಯಾಪಾರ’ ಎಂದು ಕರೆದರು. ಭರ್ತೃಹರಿಯ ಪ್ರಕಾರ ಈ ಪಾತ್ರಗಳು ವಸ್ತುವಿಗೆ ಅಂಟಿಕೊಂಡವಲ್ಲ, ವಿವಕ್ಷೆಗೆ, ಎಂದರೆ ಹೇಳುವವನು ಏನನ್ನು ಹೇಳಬಯಸುತ್ತಾನೆ ಎಂಬುದಕ್ಕೆ, ಅಧೀನವಾದವು. ಬಡಗಿ ಗರಗಸದಿಂದ ಕೊಯ್ಯುತ್ತಾನೆ ಎಂದಷ್ಟೇ ಸಲೀಸಾಗಿ ‘ಈ ಗರಗಸ ಚೆನ್ನಾಗಿ ಕೊಯ್ಯುತ್ತದೆ’ ಎಂದೂ ಕನ್ನಡದಲ್ಲಿ ಹೇಳಬಹುದು. ಮನೆಯ ಷೆಡ್ಡಿನಲ್ಲಿ ಹವ್ಯಾಸಕ್ಕೆಂದು ಮರಗೆಲಸ ಹಿಡಿದವನು ಮೊದಲ ಟೇಬಲ್ ಸಾ ಕೊಳ್ಳಲು ಹೊರಟಾಗ ಈ ಎರಡನೆಯ ವಾಕ್ಯ ಬರಿಯ ಮಾತಿನ ರೂಢಿಯಾಗಿ ಉಳಿಯುವುದಿಲ್ಲ.

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವಾತ್ಮನ ಕರ್ತೃತ್ವದ ಚರ್ಚೆಗೆ ದೃಷ್ಟಾಂತವಾಗಿ ಬರುವವನೂ ಬಡಗಿಯೇ. ಶಂಕರರ ಭಾಷ್ಯದಲ್ಲಿ ಅವನು ಬಾಚಿ ಮೊದಲಾದ ಹತಾರಗಳನ್ನು ಹಿಡಿದಿರುವಾಗ ಕರ್ತೃವಾಗಿ ದುಃಖಪಡುತ್ತಾನೆ, ಮನೆಗೆ ಬಂದು ಅವನ್ನು ಕೆಳಗಿಟ್ಟಾಗ ನಿರಾಳನಾಗುತ್ತಾನೆ. ಆತ್ಮನ ಕರ್ತೃತ್ವವೂ ಹೀಗೆಯೇ ಉಪಾಧಿಯಿಂದ, ಅಂದರೆ ಬುದ್ಧಿ ಇಂದ್ರಿಯಗಳಂಥ ಸೇರ್ಪಡೆಯಿಂದ, ಬಂದದ್ದೇ ಹೊರತು ಸ್ವಭಾವವಲ್ಲ. ರಾಮಾನುಜರಿಗೆ ಅದೇ ಬಡಗಿ, ಹತಾರ ಪಕ್ಕದಲ್ಲೇ ಇದ್ದರೂ ಇಚ್ಛೆಯಿದ್ದರೆ ಮಾಡುವ, ಇಲ್ಲದಿದ್ದರೆ ಬಿಡುವ ಮನುಷ್ಯ. ಉಡುಪಿಯ ಮಧ್ವರು ಕಂಡದ್ದು ಮಾಡಿಸುವವನ ಅಧೀನದಲ್ಲಿದ್ದೂ ತಾನೇ ಮಾಡುವ ಕೆಲಸಗಾರನನ್ನು. ಮೂವರಿಗೂ ಹೇಳಬೇಕೆನಿಸದಷ್ಟು ಸಹಜವಾಗಿದ್ದ ಸಂಗತಿಯೊಂದಿದೆ: ಹತಾರ ಚಲಿಸುತ್ತದೆ, ಮರ ಬಿದ್ದಲ್ಲೇ ಬಿದ್ದಿರುತ್ತದೆ.

ಟೇಬಲ್ ಸಾ ಈ ಜೋಡಣೆಯನ್ನು ತಿರುವುಮುರುವು ಮಾಡುತ್ತದೆ. ಗರಗಸ ಮೇಜಿನ ಸೀಳಿನಿಂದ ತಲೆಯೆತ್ತಿ ನಿಂತಲ್ಲೇ ತಿರುಗುತ್ತದೆ, ಕೈಗಳು ಮರವನ್ನು ಅದರತ್ತ ಒಯ್ಯುತ್ತವೆ. 10 ಇಂಚಿನ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಹಲ್ಲಿನ ತುದಿಯ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಹೊಸಬರು ಅಂಗಡಿಯಲ್ಲಿ ಮೊದಲು ಕೇಳುವುದು ಮೋಟಾರಿನ ಎಚ್‌ಪಿ ಎಷ್ಟೆಂದು. ಬೀಡುಕಬ್ಬಿಣದ ಮೇಜು, ಸುಮಾರು ಒಂದೂವರೆ ಎಚ್‌ಪಿಯ ಇಂಡಕ್ಷನ್ ಮೋಟಾರು ಇರುವ ಯಂತ್ರ ಮನೆಗೆಲಸಕ್ಕೆ ಸಾಕು ಎಂದು ಆ ಪ್ರಶ್ನೆಯನ್ನು ಮುಗಿಸಬಹುದು. ಬಲಕ್ಕಿಂತ ಮುಖ್ಯವಾದದ್ದು ಫೆನ್ಸು, ಎಂದರೆ ಹಲಗೆಯ ಅಂಚು ಒರಗಿ ಸಾಗಲು ಬ್ಲೇಡಿಗೆ ಸಮಾನಾಂತರವಾಗಿ ಬಿಗಿಯುವ ಉದ್ದನೆಯ ಪಟ್ಟಿ. ಅಗ್ಗದ ಯಂತ್ರದಲ್ಲಿ ಅದು ಮುಂದಿನ ತುದಿಯಲ್ಲಿ ಭದ್ರವಾಗಿ ಕೂತು ಹಿಂದಿನ ತುದಿಯಲ್ಲಿ ಕೂದಲೆಳೆಯಷ್ಟು ಬ್ಲೇಡಿನತ್ತ ವಾಲಿರಬಹುದು. ಆಗ ಹಲಗೆ ಮುಂದೆ ಸಾಗಿದಷ್ಟೂ ಬ್ಲೇಡಿನ ಹಿಂಬದಿಗೆ ಒತ್ತಿಕೊಳ್ಳುತ್ತದೆ. ಅಲ್ಲಿ ಹಲ್ಲುಗಳು ಕೆಳಗಿನಿಂದ ಮೇಲೇಳುತ್ತಿರುವುದರಿಂದ ಅವು ಹಲಗೆಯನ್ನು ಎತ್ತಿ, ತಳ್ಳುತ್ತಿದ್ದವನ ಹೊಟ್ಟೆಯತ್ತಲೇ ಎಸೆಯುತ್ತವೆ. ಕಿಕ್‌ಬ್ಯಾಕ್ ಎಂದು ಕರೆಯುವ ಈ ಕ್ಷಣದಲ್ಲಿ ಗರಗಸ ವಿವಕ್ಷೆಯ ಹಂಗಿಲ್ಲದೆ ಕರ್ತೃವಾಗುತ್ತದೆ, ಮರ ಕರಣವಾಗುತ್ತದೆ, ಯಂತ್ರಕ್ಕೆ ದುಡ್ಡು ಕೊಟ್ಟವನು ಕರ್ಮದ ಸ್ಥಾನದಲ್ಲಿ ನಿಂತಿರುತ್ತಾನೆ. ಒಳಗಿನ ಬಿಗುವಿನಿಂದ ಮರವೇ ಸೀಳನ್ನು ಮುಚ್ಚಿಕೊಂಡು ಬ್ಲೇಡನ್ನು ಅಮುಕುವುದೂ ಉಂಟು. ಅದನ್ನು ತಡೆಯಲು ಬ್ಲೇಡಿನ ಬೆನ್ನಿಗೇ ಅದರೊಡನೆ ಏರಿಳಿಯುವ ತೆಳುವಾದ ಉಕ್ಕಿನ ತಗಡು ಇರಬೇಕು. ರೈವಿಂಗ್ ನೈಫ್ ಎಂಬ ಹೆಸರಿನ ಈ ತಗಡು ಏನನ್ನೂ ಕೊಯ್ಯುವುದಿಲ್ಲ. ಕೊಯ್ದದ್ದು ಮತ್ತೆ ಕೂಡಿಕೊಳ್ಳದಂತೆ ನಡುವೆ ನಿಲ್ಲುವುದಷ್ಟೇ ಅದರ ವ್ಯಾಪಾರ.

ಅಮೆರಿಕದಲ್ಲಿ ಟೇಬಲ್ ಸಾ ಬ್ಲೇಡು ತಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗುವವರು ವರ್ಷಕ್ಕೆ ಸುಮಾರು 30,000 ಎಂಬುದು ಅಲ್ಲಿಯ ಸರ್ಕಾರದ ಅಂದಾಜು. ಸ್ಟೀವ್ ಗ್ಯಾಸ್ 1999ರಲ್ಲಿ ರೂಪಿಸಿದ ಸಾಸ್ಟಾಪ್ ವ್ಯವಸ್ಥೆಯಲ್ಲಿ ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿದ್ದು, ಚರ್ಮ ತಾಗಿ ಅದು ಬದಲಾದೊಡನೆ ಅಲ್ಯುಮಿನಿಯಂ ತುಂಡೊಂದು ಹಲ್ಲುಗಳಿಗೆ ಕಚ್ಚಿಕೊಂಡು ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡನ್ನು ನಿಲ್ಲಿಸುತ್ತದೆ. ಮಧ್ವರ ಬಡಗಿಯ ಮೇಲೊಬ್ಬ ನಿಯಾಮಕನಿದ್ದ ಹಾಗೆ ಇಲ್ಲಿ ಹತಾರದೊಳಗೇ ಒಂದು ನಿಯಾಮಕ ಕೂತಿದೆ. ಇದರಿಂದ ಕೆಲಸಗಾರನ ಎಚ್ಚರ ತಪ್ಪುತ್ತದೆ ಎಂಬ ಆಕ್ಷೇಪ ಹತ್ತೂ ಬೆರಳು ಉಳಿದಿರುವವರಿಗೆ ಸುಲಭವಾಗಿ ಹೊಳೆಯುವಂಥದ್ದು. ಆದರೆ ಎಸೆಯಲ್ಪಡುವ ಹಲಗೆಯನ್ನು ಈ ನಿಯಾಮಕ ಅರಿಯದು, ಹಾಗಾಗಿ ಅದಿದ್ದ ಮಾತ್ರಕ್ಕೆ ಫೆನ್ಸನ್ನು ಅಳೆದು ನೋಡುವ ಹೊಣೆ ಕೊಳ್ಳುವವನಿಗೆ ತಪ್ಪುವುದಿಲ್ಲ.

ಕೆಳಗಿಡುವ ಪ್ರಶ್ನೆ ಮಾತ್ರ ಉಳಿಯುತ್ತದೆ. ಇಂಥ ಬ್ರೇಕು ಇರಲಿ ಬಿಡಲಿ, ಸಾಮಾನ್ಯವಾಗಿ ಸ್ವಿಚ್ಚು ಆರಿಸಿದ ಮೇಲೂ ಬ್ಲೇಡು ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ. ಕರ್ತೃ ಕೈಬಿಟ್ಟಿದ್ದಾನೆ, ವ್ಯಾಪಾರ ಬಿಟ್ಟಿಲ್ಲ. ಜ್ಞಾನ ಬಂದ ಮೇಲೂ ಪ್ರಾರಬ್ಧದಿಂದ, ಅಂದರೆ ಆಗಲೇ ಫಲ ಕೊಡಲು ತೊಡಗಿದ ಕರ್ಮದಿಂದ, ದೇಹ ಉಳಿಯುವುದನ್ನು ವಿವರಿಸಲು ಶಂಕರರು ತಿರುಗುತ್ತ ಉಳಿಯುವ ಚಕ್ರದ ದೃಷ್ಟಾಂತವನ್ನು ಬಳಸಿದ್ದುಂಟು, ಆದರೆ ಅದು ಕುಂಬಾರನದು. ಬಡಗಿಯ ಪಾಲಿಗೆ ಅಂಥದ್ದು ಬಂದಿರಲಿಲ್ಲ. ಎರಡು ಕೈಯೂ ಹಲಗೆಯ ಮೇಲಿರುವಾಗಲೇ ಆರಿಸಬೇಕಾಗಿ ಬರುವುದರಿಂದ ಸ್ವಿಚ್ಚಿನ ಕೆಂಪು ಹಲಗೆ ಮೊಣಕಾಲಿಗೆ ಸಿಗುವಷ್ಟು ಅಗಲವಾಗಿ, ತಗ್ಗಿನಲ್ಲಿ ಇರುವ ಯಂತ್ರವನ್ನೇ ಆರಿಸಿಕೊಳ್ಳುವುದು ಯುಕ್ತ. ಆರಿಸಿದ ಮೇಲೆ, ಬ್ಲೇಡಿನ ಪಕ್ಕದಲ್ಲಿ ಬಿದ್ದಿರುವ ಚೂರನ್ನು ಹೆಕ್ಕಲು ಕೈಚಾಚದೆ, ಹಲ್ಲುಗಳು ಒಂದೊಂದಾಗಿ ಕಣ್ಣಿಗೆ ಕಾಣುವವರೆಗೆ ಅಲ್ಲೇ ನಿಂತಿರಬೇಕಾಗುತ್ತದೆ.